ಮುಚ್ಚಿಟ್ಟ ನಾಲ್ಕು ಅಂಕಿಗಳು

ಕ್ಲೆಮ್ ಓಲ್ಡ್‌ರಾಯ್ಡ್‌ನ ಫೈಲಿನಲ್ಲಿ ‘ಹೇಳಿದ್ದು ರೋಗಿಗೆ ಅರ್ಥವಾಗುವುದಿಲ್ಲ’ ಎಂದು ಬರೆದವಳು ನಾನು. ಕೆಳಗೆ ನನ್ನ ಸಹಿ ಇದೆ: ಸಿಸ್ಟರ್ ಜೆಸಪ್, ಒಂಬತ್ತನೇ ವಾರ್ಡು, ಅಕ್ಟೋಬರ್ ೧೯೮೨. ಸುಳ್ಳು ಬರೆದೆನೆಂದು ನನಗೆ ಅವತ್ತು ಅನ್ನಿಸಲಿಲ್ಲ. ಕಂಡದ್ದನ್ನು ಬರೆದೆ, ಸಹಿ ಹಾಕಿದೆ, ಪಕ್ಕದ ಹಾಸಿಗೆಗೆ ಹೋದೆ. ಆ ಒಂದು ಸಾಲನ್ನು ಅಳಿಸಲು ಅವನ ಹೆಂಡತಿ ಥರ್ಜಾ ಎಂಟು ವಾರ ಪಟ್ಟ ಪಾಡನ್ನು ಹತ್ತಿರದಿಂದ ನೋಡಿದವಳೂ ನಾನೇ.

ಥರ್ಜಾಗೆ ಆಗ ಐವತ್ನಾಲ್ಕು ವರ್ಷ. ಗೂಲ್ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ದಿನಾ ಮುನ್ನೂರು ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತಿದ್ದಳು. ಗಿಡ್ಡ ಆಳು, ಗಟ್ಟಿ ತೋಳು, ಮಾತು ಜೋರು. ಅವಳಪ್ಪ ನದಿಯಲ್ಲಿ ಕಲ್ಲಿದ್ದಲು ಸಾಗಿಸುವ ದೋಣಿಯವನು. ಸಂಸಾರವೆಲ್ಲ ದೋಣಿಯ ಮೇಲೆಯೇ. ಈ ಊರಿನ ಶಾಲೆಯಲ್ಲಿ ಮೂರು ದಿನ, ಮುಂದಿನ ವಾರ ಇನ್ನೊಂದು ಊರಿನಲ್ಲಿ ಎರಡು ದಿನ, ಹೀಗೆ ಕಲಿತವಳು. ಓದು ಹೇಗೋ ಹತ್ತಿತು, ಲೆಕ್ಕ ಹತ್ತಲಿಲ್ಲ. ‘ಭಾಗಾಕಾರ ಹೇಳ್ಕೊಡೋ ವಾರ ನಾವು ಯಾವಾಗ್ಲೂ ನೀರ್ ಮೇಲೇ ಇರ್ತಿದ್ವಿ ಸಿಸ್ಟರ್’ ಎಂದು ಒಮ್ಮೆ ನನಗೆ ಹೇಳಿದ್ದಳು. ಮುನ್ನೂರು ಮಕ್ಕಳಿಗೆ ಎಷ್ಟು ಆಲೂಗಡ್ಡೆ ಎಂಬುದು ಅವಳ ಕೈಗೆ ಗೊತ್ತಿತ್ತು. ಕಾಗದದ ಮೇಲೆ ಬರೆ ಎಂದರೆ ಬೆವರುತ್ತಿದ್ದಳು.

ಅವಳ ಗಂಡ ಕ್ಲೆಮ್ ಬೇರೆಯೇ ಥರದ ಮನುಷ್ಯ. ಊರಾಚೆಯ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಇಪ್ಪತ್ತೊಂಬತ್ತು ವರ್ಷ ಒಂಟಿಯಾಗಿ ಕೂತು ಲಿವರ್ ಎಳೆದವನು. ಮಾತು ಕಡಿಮೆ. ಮಕ್ಕಳಾಗಲಿಲ್ಲ. ಹಿಂದಿನ ಚಳಿಗಾಲದಲ್ಲಿ ಅವನು ಅಂಚೆಯ ಮೂಲಕ ಒಂದು ಕಂಪ್ಯೂಟರ್ ತರಿಸಿಕೊಂಡಿದ್ದ. ಎರಡು ಅಂಗೈ ಅಗಲದ ಕಪ್ಪು ಪೆಟ್ಟಿಗೆ. ಮನೆಯ ಟೀವಿಗೆ ಜೋಡಿಸಬೇಕು, ಆಟವನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ ಅದಕ್ಕೆ ತುಂಬಬೇಕು. ಕರೆಂಟು ತೆಗೆದರೆ ತುಂಬಿದ್ದೆಲ್ಲ ಮಾಯ. ಅದರಲ್ಲಿ ಅವನು ಆಡುತ್ತಿದ್ದುದು ಒಂದೇ ಆಟ. ಪತ್ರಿಕೆಯೊಂದರಲ್ಲಿ ನೋಡಿ, ತನಗೆ ಬೇಕಾದಂತೆ ತಿದ್ದಿ, ತಾನೇ ಬರೆದುಕೊಂಡದ್ದು. ಒಂದರಿಂದ ಆರರವರೆಗಿನ ಅಂಕಿಗಳಲ್ಲಿ ನಾಲ್ಕನ್ನು ಯಂತ್ರ ಮುಚ್ಚಿಟ್ಟುಕೊಳ್ಳುತ್ತದೆ; ಒಂದೇ ಅಂಕಿ ಮತ್ತೆ ಮತ್ತೆ ಬರಲೂಬಹುದು. ಆಡುವವನು ಊಹಿಸಿ ನಾಲ್ಕು ಅಂಕಿ ಒತ್ತಬೇಕು. ಸರಿಯಾದ ಅಂಕಿ ಸರಿಯಾದ ಜಾಗದಲ್ಲಿದ್ದರೆ ಒಂದು ಕಪ್ಪು ಚೌಕ, ಅಂಕಿ ಸರಿ ಜಾಗ ತಪ್ಪು ಎಂದಾದರೆ ಒಂದು ಬಿಳಿ ಚೌಕ. ಅಷ್ಟೇ ಸುಳಿವು ಹಿಡಿದು ಹತ್ತು ಊಹೆಯೊಳಗೆ ಗುಟ್ಟು ಒಡೆಯಬೇಕು. ಸಂಜೆಯ ಧಾರಾವಾಹಿ ನೋಡಲು ಕೂತ ಥರ್ಜಾಗೆ ಟೀವಿ ಸಿಗುತ್ತಿರಲಿಲ್ಲ. ‘ನಿನ್ ಸವತಿ ಬಂದು ಕೂತಿದಾಳೆ’ ಎಂದು ಅಕ್ಕಪಕ್ಕದವರು ಕೆಣಕುತ್ತಿದ್ದರು.

ಅಕ್ಟೋಬರಿನ ಒಂದು ಗುರುವಾರ ಬೆಳಗ್ಗೆ ಕ್ಯಾಬಿನ್ನಿನಲ್ಲೇ ಕ್ಲೆಮ್‌ಗೆ ಲಕ್ವ ಹೊಡೆಯಿತು. ಬೀಳುವ ಮುಂಚೆ ಎರಡೂ ದಿಕ್ಕಿನ ಸಿಗ್ನಲ್ಲುಗಳನ್ನು ಕೆಂಪಿಗೆ ತಂದಿದ್ದ. ರೈಲೊಂದು ನಿಂತಲ್ಲೇ ನಿಂತು ಕೂಗಿ ಕೂಗಿ, ಕೊನೆಗೆ ಅದರ ಗಾರ್ಡ್ ಹಳಿಯ ಪಕ್ಕ ನಡೆದುಕೊಂಡು ಬಂದು ನೋಡಿದಾಗ ಅವನು ನೆಲದ ಮೇಲಿದ್ದ.

ನಮ್ಮ ವಾರ್ಡಿಗೆ ಬಂದಾಗ ಅವನ ಬಲಗೈ ಬಲಗಾಲು ಬಿದ್ದುಹೋಗಿದ್ದವು. ಬಾಯಲ್ಲಿ ಉಳಿದದ್ದು ಒಂದೇ ಶಬ್ದ: ಮಂಗಳವಾರ. ಅದೇ ಯಾಕೆ ಉಳಿಯಿತೋ ಯಾರಿಗೂ ತಿಳಿಯಲಿಲ್ಲ. ಚಹಾ ಬೇಕಾ? ಮಂಗಳವಾರ. ನೋವಿದೆಯಾ? ಮಂಗಳವಾರ. ನಿನ್ನ ಹೆಸರು ಹೆನ್ರಿ ಅಲ್ವಾ ಎಂದು ಕೇಳಿದೆ, ಹೌದೆಂದು ತಲೆಯಾಡಿಸಿದ. ಪರ್ಸಿ ಅಲ್ವಾ ಎಂದೆ, ಅದಕ್ಕೂ ಹೌದೆಂದು ತಲೆಯಾಡಿಸಿದ. ಮೂಗು ಮುಟ್ಟು ಎಂದರೆ ಹೊದಿಕೆ ಹಿಡಿದ. ಕಿಟಕಿ ತೋರಿಸು ಎಂದರೆ ನನ್ನ ಮುಖ ನೋಡಿದ. ಮೂರು ದಿನ, ಮೂರು ಸಲ ಪರೀಕ್ಷೆ ಮಾಡಿ ಆ ಸಾಲನ್ನು ಬರೆದೆ.

ಥರ್ಜಾ ಶಾಲೆಯ ಪಾತ್ರೆ ತೊಳೆದು ಮುಗಿಸಿ ನೇರವಾಗಿ ಎರಡೂವರೆ ಗಂಟೆಗೆ ಬರುತ್ತಿದ್ದಳು, ಕೈಯಲ್ಲಿ ಇನ್ನೂ ಎಲೆಕೋಸಿನ ವಾಸನೆ. ಮೊದಲ ವಾರ ಅವಳು ಎಲ್ಲರಿಗೂ ಒಂದೇ ಮಾತು ಹೇಳಿದಳು.

‘ಅವನು ಒಳಗಿದಾನೆ ಸಿಸ್ಟರ್. ನಂಗೊತ್ತು. ಆ ನೋಟ ನೋಡಿ ನೀವು.’

ನೋಟ ನಾನೂ ನೋಡಿದ್ದೆ. ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಎಲ್ಲ ಹೆಂಡತಿಯರೂ ಆ ನೋಟ ಕಂಡಿದ್ದರು. ನಾನು ಅವಳ ಭುಜ ತಟ್ಟಿ ಚಹಾ ತರಿಸಿದೆ.

ನವೆಂಬರ್ ಮಧ್ಯದಲ್ಲಿ ಡಾಕ್ಟರ್ ಲಾಸೆಲ್ಸ್ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಎತ್ತರದ, ಮೆಲುದನಿಯ, ಕೆಟ್ಟವರಲ್ಲದ ಮನುಷ್ಯ. ಫೈಲು ನನ್ನ ಕೈಯಲ್ಲಿತ್ತು.

‘ಮಿಸೆಸ್ ಓಲ್ಡ್‌ರಾಯ್ಡ್, ನಡೆಯೋದು ಕೈಯಾಡಿಸೋದು ಕಲಿಸೋ ಚಿಕಿತ್ಸಾ ಕೇಂದ್ರ ಒಂದಿದೆ. ಆದ್ರೆ ಹೇಳಿದ್ದು ತಲೆಗೆ ಹೋಗೋರನ್ನ ಮಾತ್ರ ಅವರು ತಗೊಳ್ಳೋದು. ನಿಮ್ಮ ಯಜಮಾನರಿಗೆ...’

‘ನಾನು ಮನೆಗೆ ಕರ್ಕೊಂಡ್ ಹೋಗ್ತೀನಿ.’

‘ನೀವು ಕೆಲಸಕ್ಕೆ ಹೋದಾಗ? ಒಲೆ ಹಚ್ಚಬಾರದು ಅಂದ್ರೆ ಅರ್ಥವಾಗದ ಮನುಷ್ಯನ್ನ ಒಬ್ಬನೇ ಬಿಡಕ್ಕಾಗತ್ತಾ? ದೊಡ್ಡ ಆಸ್ಪತ್ರೆಗೆ ಕಳಿಸೋಣ. ಡಿಸೆಂಬರ್ ಎಂಟಕ್ಕೆ ಅಲ್ಲಿ ಹಾಸಿಗೆ ಖಾಲಿಯಾಗತ್ತೆ.’

ದೊಡ್ಡ ಆಸ್ಪತ್ರೆ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೂವತ್ತು ಮೈಲಿ ದೂರ, ಹಿಂದೆ ಹುಚ್ಚಾಸ್ಪತ್ರೆಯಾಗಿದ್ದ ಕಟ್ಟಡ, ಸಾಲು ಕುರ್ಚಿಗಳು. ಅಲ್ಲಿಗೆ ಹೋದವರ ಬಗ್ಗೆ ಮುಂದಿನ ಸುದ್ದಿ ಬರುವುದು ಪತ್ರಿಕೆಯ ನಿಧನ ವಾರ್ತೆಯ ಪುಟದಲ್ಲಿ. ಥರ್ಜಾ ಎದ್ದು ಹೊರಗೆ ನಡೆದಳು.

ಅಲ್ಲಿಂದ ಅವಳು ಕಂಡದ್ದನ್ನೆಲ್ಲ ಹೊತ್ತು ತರತೊಡಗಿದಳು. ಅಕ್ಷರ ಬರೆದ ಹಲಗೆ, ಶಾಲೆಯ ಚಿಕ್ಕ ಮಕ್ಕಳ ಚಿತ್ರದ ಕಾರ್ಡು, ಮದುವೆಯ ಫೋಟೋ. ‘ಇದ್ಯಾವುದು ಹೇಳು, ಬೆಕ್ಕು ತೋರ್ಸು, ಬೆಕ್ಕು, ಬೆಕ್ಕು ಕಣೋ.’ ಅವನು ಬಕೆಟ್ಟಿನ ಚಿತ್ರ ತೋರಿಸುತ್ತಿದ್ದ. ಒಂದು ದಿನ ಅವಳು ಅವನ ಎರಡೂ ಭುಜ ಹಿಡಿದು ಕುಲುಕಿದಳು.

‘ಏನಾದ್ರೂ ಹೇಳೋ! ಮಂಗಳವಾರ ಅಲ್ದೆ ಬೇರೆ ಏನಾದ್ರೂ! ಇಲ್ಲಾಂದ್ರೆ ನಿನ್ನ ಒಯ್ದು ಬಿಡ್ತಾರೆ, ನಾನೇನ್ ಮಾಡ್ಲಿ, ಹೇಳು, ನಾನೇನ್ ಮಾಡ್ಲಿ?’

‘ಮಂಗಳವಾರ,’ ಎಂದ ಕ್ಲೆಮ್. ಅವನ ಕಣ್ಣಲ್ಲಿ ನೀರಿತ್ತು. ಲಕ್ವ ಹೊಡೆದವರಿಗೆ ಕಾರಣವಿಲ್ಲದೆ ನೀರು ಬರುತ್ತದೆ ಎಂದು ನಾನೇ ಅವಳಿಗೆ ಹೇಳಿದೆ.

ಅವತ್ತು ಮೆಟ್ಟಿಲ ಬಳಿ ಅವಳು ನನ್ನ ಮುಂದೆ ಬಾಯಿಬಿಟ್ಟಳು: ‘ಆ ಕ್ಯಾಬಿನ್ನಲ್ಲೇ ಹೋಗ್ಬಿಟ್ಟಿದ್ರೆ ಚೆನ್ನಾಗಿತ್ತು ಅಂತ ನಿನ್ನೆ ಅವನ ತಲೆ ಹತ್ರಾನೇ ನಿಂತು ನಮ್ಮತ್ತಿಗೆಗೆ ಹೇಳ್ಬಿಟ್ಟೆ ಸಿಸ್ಟರ್. ಅವನು ಕಿಟಕಿ ಕಡೆ ತಿರುಗ್ಕೊಂಡ.’

‘ಅವರಿಗೆ ತಿಳಿದಿರಲ್ಲಮ್ಮ,’ ಎಂದೆ.

‘ತಿಳಿಯತ್ತೆ ಅಂತಾನೇ ಅಲ್ವಾ ನಾನು ಒದ್ದಾಡ್ತಿರೋದು? ಹಾಗಿದ್ರೆ ಇದನ್ನೂ ಕೇಳಿಸ್ಕೊಂಡಿರ್ತಾನೆ.’



ನವೆಂಬರ್ ಕೊನೆಯ ವಾರ ಅವಳು ಮನೆಯಲ್ಲಿ ಕ್ಲೆಮ್‌ನ ಸಾಮಾನುಗಳನ್ನು ಜೋಡಿಸಿಡುವಾಗ ಕಂಪ್ಯೂಟರಿನ ಕೆಳಗಿದ್ದ ನೋಟ್‌ಬುಕ್ ಸಿಕ್ಕಿತು. ಅವನ ಕೈಬರಹವಾದರೂ ಅವನ ಮುಂದಿರಲಿ ಎಂದು ಅದನ್ನು ತಂದಳು. ಪುಟ ಪುಟವೂ ಅದೇ: ನಾಲ್ಕು ನಾಲ್ಕು ಅಂಕಿಗಳ ಸಾಲು, ಪಕ್ಕದಲ್ಲಿ ತುಂಬಿದ ಚೌಕ, ಖಾಲಿ ಚೌಕ. ಕ್ಲೆಮ್ ಎಡಗೈಯಿಂದ ಪುಟ ತಿರುವಿದ. ಲಕ್ವ ಹೊಡೆಯುವ ಹಿಂದಿನ ದಿನ ಅರ್ಧಕ್ಕೆ ಬಿಟ್ಟ ಆಟದ ಹತ್ತಿರ ನಿಂತ. ಬಹಳ ಹೊತ್ತು ನೋಡಿದ. ಆಮೇಲೆ ಥರ್ಜಾಳ ಪರ್ಸಿನ ಮೇಲಿದ್ದ ಪೆನ್ಸಿಲ್ಲು ತೆಗೆದುಕೊಂಡು, ಕೊನೆಯ ಸಾಲಿನ ಕೆಳಗೆ ಸೊಟ್ಟಗೆ ನಾಲ್ಕು ಅಂಕಿ ಬರೆದ. ಪೆನ್ಸಿಲ್ಲು ಕೆಳಗಿಟ್ಟು ಅವಳನ್ನು ನೋಡಿದ.

ಅದು ಸರಿಯೋ ತಪ್ಪೋ ಹೇಳಲು ಅವಳಿಗೆ ಬರುತ್ತಿರಲಿಲ್ಲ. ನೋಟ್‌ಬುಕ್ ಕಂಕುಳಲ್ಲಿ ಇರುಕಿಕೊಂಡು ನೇರವಾಗಿ ಸೇತ್ ಗಾರ್ಬಟ್‌ನ ಮನೆಗೆ ಹೋದಳು. ಸೇತ್ ಪಕ್ಕದ ಕ್ಯಾಬಿನ್ನಿನ ಸಿಗ್ನಲ್‌ಮ್ಯಾನ್, ಕ್ಲೆಮ್‌ನ ಏಕೈಕ ಸ್ನೇಹಿತ, ತಾನೂ ಅದೇ ಆಟದ ಹುಚ್ಚನ್ನು ಹತ್ತಿಸಿಕೊಂಡವನು. ಮರುದಿನ ಇಬ್ಬರೂ ವಾರ್ಡಿಗೆ ಬಂದರು. ಸೇತ್‌ನ ಟೋಪಿ ಕೈಯಲ್ಲಿ ಸುತ್ತುತ್ತಿತ್ತು.

‘ಸಿಸ್ಟರ್, ನಾನು ಗಂಟೆಗಟ್ಲೆ ಕೂತು ನೋಡ್ದೆ. ಆ ಸುಳಿವುಗಳಿಗೆ ಹೊಂದೋದು ಒಂದೇ ಒಂದು ಉತ್ತರ. ಇವನು ಬರ್ದಿರೋದು ಅದೇ.’

‘ಮೊದಲೇ ಗೊತ್ತಿದ್ದ ಉತ್ತರ ನೆನಪಿಗೆ ಬಂದಿರಬಹುದು,’ ಎಂದೆ ನಾನು.

‘ಹಾಗಾದ್ರೆ ಹೊಸದು ಕೊಡ್ತೀನಿ,’ ಎಂದಳು ಥರ್ಜಾ. ‘ಸೇತ್, ನಂಗೆ ಹೇಳ್ಕೊಡು.’

‘ನಿಂಗಾ? ಬಸ್ ನಂಬರ್ ನೋಡಿ ಹತ್ತೋಕೇ ಹೆದರ್ತೀಯಲ್ಲೇ ಮಾರಾಯ್ತಿ.’

‘ಹೇಳ್ಕೊಡು ಅಂದೆ.’

ಅವನು ವಾರ್ಡಿನ ಮೇಜಿನ ಮೇಲೆ ಬರೆದು ತೋರಿಸಿದ. ‘ನೋಡು, ಮುಚ್ಚಿಟ್ಟಿರೋದು ಮೂರು, ಒಂದು, ಐದು, ಎರಡು ಅಂದ್ಕೋ. ಅವನು ಮೂರು, ಐದು, ಆರು, ಒಂದು ಅಂದ. ಮೂರು ಜಾಗದಲ್ಲಿದೆ, ಅದಕ್ಕೊಂದು ಕಪ್ಪು. ಐದು ಇದೆ, ಒಂದಿದೆ, ಆದ್ರೆ ಜಾಗ ಬೇರೆ. ಅದಕ್ಕೆರಡು ಬಿಳಿ. ಆರು ಇಲ್ವೇ ಇಲ್ಲ. ಯಾವುದಕ್ಕೆ ಯಾವುದು ಅಂತ ಮಾತ್ರ ಅವನಿಗೆ ಹೇಳ್ಬಾರ್ದು.’

ಎರಡು ದಿನ ಅವಳು ಶಾಲೆಯ ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತ ಜೊತೆಯವರಿಂದ ಅಂಕಿ ಕೇಳಿ ಕೇಳಿ ಅಭ್ಯಾಸ ಮಾಡಿದಳಂತೆ. ಮೂರನೆಯ ದಿನ ಹಾಸಿಗೆಯ ಪಕ್ಕ ಕೂತು, ಅಂಗೈ ಮರೆಮಾಡಿ ನಾಲ್ಕು ಅಂಕಿ ಬರೆದುಕೊಂಡಳು. ಕ್ಲೆಮ್‌ಗೆ ಏನನ್ನೂ ವಿವರಿಸಬೇಕಾಗಲಿಲ್ಲ. ಅವಳು ನಾಲ್ಕು ಖಾಲಿ ಗೆರೆ ಎಳೆದು ಕಾಗದ ಮುಂದಿಟ್ಟದ್ದೇ ತಡ, ಪೆನ್ಸಿಲ್ಲಿಗೆ ಕೈಚಾಚಿದ. ಅವಳು ಚೌಕ ಬರೆದಳು, ಅವನು ಮುಂದಿನ ಸಾಲು ಬರೆದ. ನಾನು ಔಷಧದ ಗಾಡಿ ತಳ್ಳುತ್ತಾ ಎರಡು ಸಲ ಹಾದುಹೋದೆ. ಮೂರನೆಯ ಸಲ ಹೋದಾಗ ಅವನ ಮುಖ ಕೆಂಪಾಗಿತ್ತು. ಪೆನ್ಸಿಲ್ಲು ಎಸೆದುಬಿಟ್ಟ.

‘ಆಗ್ಲಿಲ್ಲ ಸಿಸ್ಟರ್,’ ಎಂದಳು ಥರ್ಜಾ, ಒಣಗಿದ ದನಿಯಲ್ಲಿ. ‘ನಾಲ್ಕು ಸಾಲು ಚೆನ್ನಾಗಿ ಆಡ್ದ. ಈಗ ಸುಮ್ನೆ ಸಿಟ್ಟು ಮಾಡ್ತಿದಾನೆ.’

ಕ್ಲೆಮ್ ಕಾಗದವನ್ನು ಅವಳ ಕಡೆ ದಬ್ಬಿದ. ಹೆಬ್ಬೆರಳನ್ನು ಎರಡನೆಯ ಸಾಲಿನ ಮೇಲೆ, ತೋರುಬೆರಳನ್ನು ನಾಲ್ಕನೆಯ ಸಾಲಿನ ಮೇಲೆ ಇಟ್ಟು ಒತ್ತಿದ. ಮತ್ತೆ ಒತ್ತಿದ. ‘ಮಂಗಳವಾರ! ಮಂಗಳವಾರ!’

ಅವಳು ಬಚ್ಚಿಟ್ಟ ಅಂಕಿ ತೆಗೆದು ನೋಡಿದಳು. ತುಟಿ ಅಲುಗಿಸುತ್ತ, ಬೆರಳಿಟ್ಟು ಎಣಿಸಿದಳು. ಎರಡನೆಯ ಸಾಲಿಗೆ ಎರಡು ಬಿಳಿ ಕೊಡಬೇಕಾದಲ್ಲಿ ಅವಳು ಒಂದೇ ಕೊಟ್ಟಿದ್ದಳು. ಆ ಸಾಲಿಗೂ ನಾಲ್ಕನೆಯ ಸಾಲಿಗೂ ತಾಳೆಯಾಗುತ್ತಿರಲಿಲ್ಲ. ತಪ್ಪು ಅವಳದು. ಅವನು ಅದನ್ನು ಹಿಡಿದಿದ್ದ.

ಅವಳು ಅಲ್ಲೇ ಹಾಸಿಗೆಯ ಕಬ್ಬಿಣದ ಪಟ್ಟಿಗೆ ಹಣೆ ಒತ್ತಿಕೊಂಡು ಅತ್ತಳು. ನಾನು ಗಾಡಿ ಬಿಟ್ಟು ನಿಂತೇ ಇದ್ದೆ. ಫೈಲಿನಲ್ಲಿದ್ದ ನನ್ನ ಸಹಿ ನೆನಪಾಯಿತು.

ಡಾಕ್ಟರ್ ಲಾಸೆಲ್ಸ್‌ಗೆ ನಾನೇ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು, ಕಾಗದ ನೋಡಿದರು. ‘ಸಿಸ್ಟರ್, ಎದುರಿಗೆ ಹೆಂಡತಿ ಕೂತಿರ್ತಾಳೆ. ಸರಿಯಾದ ಅಂಕಿ ಹತ್ರ ಪೆನ್ಸಿಲ್ ಬಂದಾಗ ಅವಳ ಮುಖ ಬದಲಾಗತ್ತೆ, ಅವಳಿಗೇ ಗೊತ್ತಿಲ್ದೆ. ಅವನು ಮುಖ ಓದ್ತಾನೆ. ನಾಯಿಗಳೂ ಹೀಗೆ ಲೆಕ್ಕ ಮಾಡ್ತವೆ.’

ಆ ಮಾತನ್ನು ನಾನು ಥರ್ಜಾಗೆ ಹೇಳಿದಾಗ ನಾಯಿಯ ವಿಷಯ ಬಿಟ್ಟೆ.

‘ಆ ಪೆಟ್ಟಿಗೆಗೆ ಮುಖ ಇಲ್ವಲ್ಲ,’ ಎಂದಳು.

ಶುಕ್ರವಾರ ಡಿಸೆಂಬರ್ ಮೂರು, ಡಾಕ್ಟರು ಮಧ್ಯಾಹ್ನದ ಸುತ್ತಿನಲ್ಲಿ ಹತ್ತು ನಿಮಿಷ ಕೊಡಲು ಒಪ್ಪಿದರು. ಒಪ್ಪಿದ್ದು ನನ್ನ ಮುಖ ನೋಡಿ. ಸೇತ್ ತನ್ನ ವ್ಯಾನಿನಲ್ಲಿ ಟೀವಿ, ಟೇಪ್ ರೆಕಾರ್ಡರ್, ಕಪ್ಪು ಪೆಟ್ಟಿಗೆ ತಂದ. ಥರ್ಜಾ ಶಾಲೆಗೆ ರಜೆ ಹಾಕಿ, ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದಳು. ಎಲ್ಲ ಜೋಡಿಸಿ ಕ್ಯಾಸೆಟ್ ಹಾಕಿದರು. ಬೆಕ್ಕು ಬಾಲ ತುಳಿಸಿಕೊಂಡಂಥ ಕಿರುಚಾಟ, ಟೀವಿಯ ಮೇಲೆ ಬೂದು ಪಟ್ಟೆಗಳು. ಪಕ್ಕದ ಹಾಸಿಗೆಯ ಮುದುಕ ‘ಯಾರನ್ನ ಕೊಲ್ತಿದೀರ್ರೋ’ ಎಂದು ಕೂಗಿದ. ಐದು ಸಲ ಪ್ರಯತ್ನಿಸಿದರು. ಆಟ ಬರಲಿಲ್ಲ, ತೇವದಲ್ಲಿಟ್ಟ ಕ್ಯಾಸೆಟ್ ಕೆಟ್ಟಿತ್ತು.

ಸೇತ್ ಕೈಚೆಲ್ಲಿದ. ‘ಮುಗೀತು ಥರ್ಜಾ.’

‘ನೋಟ್‌ಬುಕ್ಕಲ್ಲಿ ಆಟಾನೇ ಬರ್ಕೊಂಡಿದಾನಲ್ಲ, ಇದನ್ನೇ ಅಲ್ವಾ ಅವನು ಒತ್ತಿ ಒತ್ತಿ ಒಳಗೆ ಹಾಕಿದ್ದು?’ ಎಂದಳು ಅವಳು. ಕೊನೆಯ ಪುಟಗಳಲ್ಲಿ, ಯಂತ್ರಕ್ಕೆ ಕೊಡಬೇಕಾದ ರೀತಿಯಲ್ಲಿ, ಇಡೀ ಆಟದ ಬರಹವಿತ್ತು, ನಲವತ್ತೊಂದು ಸಾಲು.

ಸೇತ್ ಓದಿದ, ಅವಳು ಒಂದು ಬೆರಳಿನಲ್ಲಿ ಒತ್ತಿದಳು. ಆ ಯಂತ್ರದ ಕೀಲಿಗಳು ಉಬ್ಬಿಲ್ಲದ ಚಪ್ಪಟೆ ಹಾಳೆ. ಜೋರಾಗಿ ಒತ್ತಿದರೆ ಮಾತ್ರ ಕೇಳುತ್ತವೆ. ಡಾಕ್ಟರು ಬಂದರು, ನೋಡಿದರು, ಬೇರೆ ಹಾಸಿಗೆಗಳನ್ನು ಮುಗಿಸಿ ಬರುತ್ತೇನೆಂದರು. ಮೂವತ್ತಾರನೇ ಸಾಲಿಗೆ ಅವಳು ಬಂದಾಗ ನೆಲ ಹೊಳೆಸುವ ಹೆಂಗಸು ತನ್ನ ಯಂತ್ರ ತಳ್ಳಿಕೊಂಡು ಬಂದಳು, ಬಗ್ಗಿದಳು, ಗೋಡೆಯಿಂದ ಒಂದು ಪ್ಲಗ್ ಕಿತ್ತು ತನ್ನದನ್ನು ಸಿಕ್ಕಿಸಿದಳು.

ಟೀವಿ ಹಾಗೇ ಇತ್ತು. ಪೆಟ್ಟಿಗೆ ಮಾತ್ರ ಸತ್ತಿತು. ಪರದೆ ಪೂರ್ತಿ ಖಾಲಿ.

‘ಏನಾಯ್ತು? ನಾನೇನ್ ಮಾಡ್ದೆ?’ ಎಂದು ಆ ಹೆಂಗಸು ಒಬ್ಬೊಬ್ಬರ ಮುಖ ನೋಡಿದಳು. ಥರ್ಜಾ ಅವಳಿಗೆ ಬೈಯಲೂ ಇಲ್ಲ. ಬೆರಳು ಇನ್ನೂ ಕೀಲಿಯ ಮೇಲೇ ಇತ್ತು.

ಮರಳಿ ಬಂದ ಡಾಕ್ಟರು ಗಡಿಯಾರ ನೋಡಿದರು. ‘ಕ್ಷಮಿಸಿ. ನನ್ನ ಮುಂದಿನ ಸುತ್ತು ಮಂಗಳವಾರ.’

‘ಮಂಗಳವಾರ,’ ಎಂದ ಕ್ಲೆಮ್.

ಎಲ್ಲರೂ ಅವನ ಕಡೆ ತಿರುಗಿದರು. ಅದು ಒಪ್ಪಿಗೆಯೋ, ಬರೀ ಆ ಶಬ್ದವೋ, ಹೇಳುವವರು ಯಾರು? ಡಾಕ್ಟರು ಅರೆಗಳಿಗೆ ನಿಂತು ಹೊರಟುಹೋದರು. ಬುಧವಾರ ಬೆಳಗ್ಗೆ ಆಂಬುಲೆನ್ಸ್ ನಿಗದಿಯಾಗಿತ್ತು.

ಸೋಮವಾರ ಕ್ಲೆಮ್‌ಗೆ ಜ್ವರ ಏರಿತು. ಎದೆಯಲ್ಲಿ ಕಫ. ಮಂಗಳವಾರ ಬೆಳಗ್ಗೆ ಥರ್ಜಾ ಬಂದಾಗ ಅವನು ದಿಂಬಿಗೆ ಒರಗಿ ಬಾಯಿ ತೆರೆದು ಉಸಿರಾಡುತ್ತಿದ್ದ. ಅವಳು ಅವನ ಹಣೆ ಮುಟ್ಟಿ ನನ್ನನ್ನು ನೋಡಿದಳು.

‘ಇವತ್ತು ಬೇಡಮ್ಮ,’ ಎಂದೆ. ‘ಬಹಳ ಸೋತಿದಾರೆ.’

‘ನಾಳೆ ಇಲ್ವಲ್ಲ ಸಿಸ್ಟರ್.’

ಅವಳು ಮತ್ತೆ ಒಂದನೇ ಸಾಲಿನಿಂದ ಶುರು ಮಾಡಿದಳು. ಸೇತ್‌ಗೆ ಡ್ಯೂಟಿ ಇತ್ತು, ಮಧ್ಯಾಹ್ನಕ್ಕೆ ಬರುವನಿದ್ದ. ಒಬ್ಬಳೇ ಪುಸ್ತಕ ನೋಡುತ್ತ, ಒಂದೊಂದು ಚಿಹ್ನೆಯನ್ನೂ ಬೆರಳಿಟ್ಟು ಓದುತ್ತ, ಬೆಳಗಿನ ಹೊತ್ತು ಪೂರ್ತಿ ಒತ್ತಿದಳು. ಬ್ಯಾಂಡೇಜಿಗೆ ಹಾಕುವ ಪ್ಲಾಸ್ಟರ್ ಪಟ್ಟಿ ತಂದು ನಾನು ಆ ಪ್ಲಗ್ಗನ್ನು ಗೋಡೆಗೆ ಅಡ್ಡಡ್ಡ ಉದ್ದುದ್ದ ಅಂಟಿಸಿದೆ. ಅವಳ ಎಂಟು ವಾರದ ಹೋರಾಟದಲ್ಲಿ ನಾನು ಮಾಡಿದ್ದೆಂದರೆ ಅಷ್ಟೇ. ಹನ್ನೊಂದೂಮುಕ್ಕಾಲಿಗೆ ಪರದೆಯ ಮೇಲೆ ನಾಲ್ಕು ಪ್ರಶ್ನಾರ್ಥಕ ಚಿಹ್ನೆ ಮೂಡಿದಾಗ ಅವಳು ಕೂಗಲಿಲ್ಲ. ಅಲ್ಲಾಡಿದರೆ ಹೋಗಿಬಿಡುತ್ತದೋ ಎಂಬಂತೆ ಮೆಲ್ಲಗೆ ಕೈ ಹಿಂತೆಗೆದಳು. ಮಧ್ಯಾಹ್ನದವರೆಗೆ ಮೇಜಿನ ಹತ್ತಿರ ಯಾರನ್ನೂ ಬಿಡಲಿಲ್ಲ, ಊಟದ ತಟ್ಟೆ ತಂದವರನ್ನೂ ಸಹ.

ಎರಡೂವರೆಗೆ ಡಾಕ್ಟರು ಬಂದರು. ನಾವು ಕ್ಲೆಮ್‌ನನ್ನು ಎತ್ತಿ ಕೂರಿಸಿದೆವು. ಅವನು ಪರದೆ ನೋಡಿದ. ಎಡಗೈ ಎತ್ತಿದ. ಐದು ಒತ್ತಿದ. ಮತ್ತೆ ಐದು. ಐದು. ಐದು. ಯಂತ್ರ ಏನೂ ಇಲ್ಲ ಎಂದಿತು. ಮತ್ತೆ ಐದು, ಐದು. ಕೈ ಕೀಲಿಯ ಮೇಲೇ ಜಾರಿ ಬಿತ್ತು. ಹತ್ತು ಸಾಲೂ ಹೀಗೇ ಮುಗಿದವು. ತಲೆ ಎದೆಯ ಮೇಲೆ ಬಾಗಿತು.

‘ಮಿಸೆಸ್ ಓಲ್ಡ್‌ರಾಯ್ಡ್,’ ಎಂದರು ಡಾಕ್ಟರು, ನಿಜವಾದ ಕನಿಕರದಿಂದ.

‘ಇನ್ನೊಂದ್ಸಲ.’

‘ಅವರಿಗೆ ಜ್ವರ ಇದೆ. ಯಾಕೆ ಹಿಂಸೆ?’

‘ಇನ್ನೊಂದೇ ಒಂದ್ಸಲ ಡಾಕ್ಟ್ರೇ. ನಿಮ್ಮ ಕಾಲಿಗೆ ಬೀಳ್ಲಾ? ಬೀಳ್ತೀನಿ.’ ಅವಳು ನಿಜವಾಗಿಯೂ ಬಗ್ಗಿದಳು. ಸೇತ್ ಅವಳ ತೋಳು ಹಿಡಿದ.

ಡಾಕ್ಟರು ಬಾಗಿಲ ಕಡೆ ಕೈ ತೋರಿದರು. ‘ಸರಿ. ಆದ್ರೆ ನೀವು ಹೊರಗಿರ್ಬೇಕು. ಗಾರ್ಬಟ್ ಅವರೂನೂ. ಪರದೆಯ ಕಡೆ ನಾನೂ ನೋಡಲ್ಲ, ಆಟ ಮುಗಿದ ಮೇಲೇ ನೋಡ್ತೀನಿ.’

ಅವಳು ಕ್ಲೆಮ್‌ನ ಕೊರಳ ಗುಂಡಿ ಸರಿ ಮಾಡಿದಳು, ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು. ಹೊರಗೆ ಹೋಗಿ, ಹಾಸಿಗೆ ಬಟ್ಟೆ ಇಡುವ ಬೀರುವಿನ ಪಕ್ಕ ಗೋಡೆಗೆ ಮುಖ ಮಾಡಿ ನಿಂತಳು.

ಒಳಗೆ ಕ್ಲೆಮ್ ಬಹಳ ಹೊತ್ತು ಕದಲಲಿಲ್ಲ. ನಾನು ಅವನ ಬೆನ್ನಿಗೆ ಕೈಯೊತ್ತಿ ನಿಂತಿದ್ದೆ. ಜ್ವರದ ಶಾಖ ನನ್ನ ತೋಳಿಗೆ ಏರುತ್ತಿತ್ತು. ಆಮೇಲೆ ಒತ್ತಿದ. ಒಂದು, ಒಂದು, ಎರಡು, ಎರಡು. ಚೌಕಗಳು ಬಂದವು. ಕಣ್ಣು ಕಿರಿದು ಮಾಡಿದ. ಮುಂದಿನ ಸಾಲಿಗೆ ಇನ್ನೂ ಹೆಚ್ಚು ಹೊತ್ತು. ಕೆಮ್ಮಿದ, ನಿಲ್ಲಿಸಿದ, ಮತ್ತೆ ಒತ್ತಿದ. ಆರನೆಯ ಸಾಲಿಗೆ ನಾಲ್ಕು ಕಪ್ಪು ಚೌಕ ಒಟ್ಟಿಗೆ ಮೂಡಿದವು.

ಡಾಕ್ಟರು ತಿರುಗಿ ನೋಡಿದರು. ಹೊಸ ಆಟದ ಕೀಲಿ ತಾವೇ ಒತ್ತಿದರು. ಈ ಸಲ ಐದು ಸಾಲು.

‘ಇದರಲ್ಲಿ ಒಟ್ಟು ಎಷ್ಟು ಉತ್ತರ ಇರಬಹುದು?’ ಎಂದು ಬಾಗಿಲ ಕಡೆ ಕೇಳಿದರು.

‘ಸಾವಿರದ ಇನ್ನೂರ ತೊಂಬತ್ತಾರು ಡಾಕ್ಟ್ರೇ,’ ಎಂದ ಸೇತ್ ಹೊರಗಿನಿಂದ.

ಡಾಕ್ಟರು ಕುರ್ಚಿ ಎಳೆದು ಕೂತು ಒಂದು ಆಟ ತಾವೇ ಆಡಿದರು. ಎಂಟನೆಯ ಸಾಲಿನಲ್ಲಿ ಅವರು ತಡವರಿಸಿದಾಗ ಕ್ಲೆಮ್‌ನ ಎಡಗೈ ನಿಧಾನವಾಗಿ ಬಂದು ಅವರ ಬೆರಳನ್ನು ನಾಲ್ಕರಿಂದ ಎರಡಕ್ಕೆ ಸರಿಸಿತು. ಡಾಕ್ಟರ ಕಿವಿ ಕೆಂಪಾಯಿತು. ಫೈಲು ಕೊಡಿ ಎಂದರು. ನನ್ನ ಆ ಸಾಲನ್ನು ಓದಿದರು, ನನ್ನನ್ನು ನೋಡಿದರು. ‘ಇದರ ಕೆಳಗೆ ನಾನೂ ಸಹಿ ಹಾಕಿದೀನಿ,’ ಎಂದರು.

ಹೊರಗೆ ಹೋಗಿ ಹೇಳಬೇಕಾದವಳು ನಾನು. ಥರ್ಜಾ ಗೋಡೆಯಿಂದ ತಿರುಗಲಿಲ್ಲ.

‘ಹೇಳ್ಬೇಡಿ ಸಿಸ್ಟರ್. ಒಂದು ನಿಮಿಷ ಹೇಳ್ಬೇಡಿ.’

‘ಎರಡು ಸಲ ಗೆದ್ರಮ್ಮ. ಆರರಲ್ಲಿ, ಐದರಲ್ಲಿ.’

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು, ಚರ್ಚಿನ ಕೋಟಿನ ಸಮೇತ.

ಬುಧವಾರದ ಆಂಬುಲೆನ್ಸ್ ಬರಲಿಲ್ಲ. ಆದರೆ ಎದೆಯ ಕಫ ನ್ಯುಮೋನಿಯಾ ಆಗಿ ಕ್ರಿಸ್ಮಸ್ ಮುಗಿಯುವವರೆಗೆ ಕ್ಲೆಮ್ ಸಾವಿನ ಬಾಗಿಲಲ್ಲಿದ್ದ. ತಾನೇ ಅವತ್ತು ಎತ್ತಿ ಕೂರಿಸಿ ಅವನನ್ನು ಕೊಂದೆನೆಂದು ಥರ್ಜಾ ಹತ್ತು ದಿನ ಕೊರಗಿದಳು. ಹೇಗೋ ಉಳಿದ. ಫೆಬ್ರವರಿಯಲ್ಲಿ ಚಿಕಿತ್ಸಾ ಕೇಂದ್ರಕ್ಕೆ ಹೋದ, ಜೂನ್‌ನಲ್ಲಿ ಕೋಲು ಹಿಡಿದು ಮನೆಗೆ ಬಂದ. ನೋಡಿ ಅನುಕರಿಸಿ ಕಲಿತ. ಒಲೆ ಮುಟ್ಟಬಾರದೆಂದು ಚಿತ್ರ ಬರೆದು ತೋರಿಸಿದರೆ ಸಾಕಾಗಿತ್ತು.

ಮಾತು ಮಾತ್ರ ಮರಳಲಿಲ್ಲ. ಕೇಳಿದ ಮಾತಿನ ಅರ್ಥವೂ ಹೆಚ್ಚೇನೂ ಮರಳಲಿಲ್ಲ. ಅದನ್ನು ನಾನು ಅವರ ಮನೆಗೆ ಹೋದಾಗ ಕಂಡೆ. ಆಗಸ್ಟಿನ ಮಧ್ಯಾಹ್ನ, ಥರ್ಜಾ ಬಟಾಣಿ ಸುಲಿಯುತ್ತಿದ್ದಳು, ಕ್ಲೆಮ್ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದ.

‘ಎಲ್ರೂ ಗೆದ್ಯಲ್ಲೇ ಅಂತಾರೆ ಸಿಸ್ಟರ್. ಗೆದ್ದೆ, ಇಲ್ಲ ಅನ್ನಲ್ಲ. ಮನೇಲಿದಾನೆ, ಬಿಸಿ ಊಟ ಉಣ್ತಾನೆ. ಆದ್ರೆ ಅವನಿಗೇನು ಬೇಕು ಅಂತ ನಂಗೆ ಇವತ್ತಿಗೂ ತಿಳಿಯಲ್ಲ. ಆ ಪೆಟ್ಟಿಗೆ ನಾಲ್ಕು ಅಂಕಿ ಮುಚ್ಚಿಟ್ರೆ ಐದು ನಿಮಿಷದಲ್ಲಿ ಕಂಡುಹಿಡೀತಾನೆ. ಅವನೊಳಗಿರೋದು ನಂಗೆ ಐದು ವರ್ಷ ಆದ್ರೂ ಸಿಗಲ್ಲ.’

‘ಆವತ್ತಿನ ಮಾತು?’ ಎಂದೆ. ಕೇಳಬಾರದಿತ್ತು.

‘ಹೇಳ್ದೆ. ಕೈ ಹಿಡ್ಕೊಂಡು, ತಪ್ಪಾಯ್ತು ಕಣೋ, ನಿನ್ ತಲೆ ಹತ್ರ ನಿಂತು ಹಾಗಂದೆ, ಕ್ಷಮಿಸ್ಬಿಡು ಅಂದೆ. ಮೂರ್ನಾಲ್ಕು ಸಲ ಹೇಳಿದೀನಿ. ಪ್ರತಿ ಸಲಾನೂ ತಲೆಯಾಡಿಸ್ತಾನೆ. ಆದ್ರೆ ನಿನ್ ಹೆಸರು ಹೆನ್ರಿ ಅಲ್ವಾ ಅಂದ್ರೂ ತಲೆಯಾಡಿಸ್ತಾನಲ್ಲ.’ ಸಿಪ್ಪೆಯೊಂದನ್ನು ಎರಡು ತುಂಡು ಮಾಡಿ ಪಾತ್ರೆಗೆ ಎಸೆದಳು. ‘ಏನಂತ ತಗೊಳ್ಲಿ?’

ಕ್ಲೆಮ್ ೧೯೮೫ರ ಮಾರ್ಚಿನಲ್ಲಿ ಎರಡನೆಯ ಲಕ್ವದಿಂದ ಸತ್ತ, ಮನೆಯಲ್ಲೇ, ಬೆಳಗಿನ ಚಹಾ ಆರುವ ಮೊದಲು. ಚರ್ಚಿನ ಅಂತ್ಯಪ್ರಾರ್ಥನೆಗೆ ರೈಲ್ವೆಯವರು ಹನ್ನೊಂದು ಜನ ಬಂದಿದ್ದರು, ಡಾಕ್ಟರ್ ಲಾಸೆಲ್ಸ್ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಥರ್ಜಾ ಕಂಪ್ಯೂಟರನ್ನು ಸೇತ್‌ಗೆ ಕೊಟ್ಟಳು, ಇನ್ನೂ ಮೂರು ವರ್ಷ ಶಾಲೆಯ ಅಡುಗೆ ಮಾಡಿ ನಿವೃತ್ತಳಾದಳು. ಆಮೇಲೆ ವಾರದಲ್ಲಿ ಎರಡು ಮಧ್ಯಾಹ್ನ ನಮ್ಮ ವಾರ್ಡಿಗೆ ಬಂದು, ಮಾತು ಹೋದವರ ಪಕ್ಕ ಕುರ್ಚಿ ಎಳೆದು ಕೂರುತ್ತಿದ್ದಳು. ಅವರ ಎದುರಿಗೆ ಅವರ ಬಗ್ಗೆ ಯಾರಾದರೂ ಮಾತಾಡಿದರೆ, ಅದು ನಾನಾಗಲಿ ಡಾಕ್ಟರಾಗಲಿ, ‘ಆಚೆ ಹೋಗಿ ಮಾತಾಡ್ಕೊಳ್ಳಿ’ ಎನ್ನುತ್ತಿದ್ದಳು. ನಾವು ಆಚೆ ಹೋಗುತ್ತಿದ್ದೆವು.